ಒಪ್ಪಿಕೊಂಡರೆ ತಪ್ಪು ಕಳೆಯುವುದೆ?

ತಪ್ಪನ್ನು ಒಪ್ಪಿಕೊಂಡವನ ಭಾರ ಇಳಿಯುತ್ತದೆಂಬ ಮಾತುಂಟು. ಹಾಲಿವುಡ್ ನಟ ಸ್ಟರ್ಲಿಂಗ್ ಹೇಡನ್ನನ ಬಾಳನ್ನು ನೋಡಿದರೆ ಅದು ಅಷ್ಟು ಸುಲಭವಲ್ಲವೆನಿಸುತ್ತದೆ. ನಾವಿಕನಾಗಿದ್ದು ಚಿತ್ರರಂಗಕ್ಕೆ ಬಂದ ಈತ 1946ರಲ್ಲಿ ಕೆಲವು ತಿಂಗಳು ಕಮ್ಯುನಿಸ್ಟ್ ಪಕ್ಷದಲ್ಲಿದ್ದ. 1951ರಲ್ಲಿ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯ ಮುಂದೆ ಹಳೆಯ ಸಂಗಾತಿಗಳ ಹೆಸರು ಹೇಳಿದ. ಇವನಿಗೆ ಪಾತ್ರಗಳು ದೊರೆಯುತ್ತಲೇ ಇದ್ದವು. ಇವನು ಹೆಸರಿಸಿದವರಲ್ಲೊಬ್ಬನಾದ ಲೇಖಕ, ನಿರ್ದೇಶಕ ಪೊಲೊನ್ಸ್ಕಿ ಯಾರ ಹೆಸರನ್ನೂ ಹೇಳಲೊಪ್ಪದೆ ವರ್ಷಗಟ್ಟಲೆ ಬಹಿಷ್ಕಾರವುಂಡ.

1963ರ ಆತ್ಮಕಥೆಯಲ್ಲಿ ಹೇಡನ್ ತನ್ನ ಆ ನಡತೆಯನ್ನು ಮುಚ್ಚಿಡಲಿಲ್ಲ, ಹಳಿದುಕೊಂಡ. ಅದು ದೊಡ್ಡತನವೇ ಸರಿ. ಆದರೆ ಪಶ್ಚಾತ್ತಾಪವು ತನ್ನ ಮನಸ್ಸನ್ನು ತೊಳೆದೀತು. ಇನ್ನೊಬ್ಬನ ಕಳೆದುಹೋದ ಅನ್ನವನ್ನು ಮರಳಿಸೀತೆ? ತಪ್ಪನ್ನು ಒಪ್ಪಿಕೊಳ್ಳುವುದು ನಮ್ಮ ಕೈಯಲ್ಲಿದೆ. ಕ್ಷಮಿಸುವ ಹಕ್ಕು ಮಾತ್ರ ನೊಂದವನದು.