ಕಾಣದಿರುವುದೂ ಒಂದು ಪ್ರಮಾಣ

1783ನೆಯ ಇಸವಿಯ ಡಿಸೆಂಬರಿನಲ್ಲಿ ಲಂಡನ್ನಿನ ಓಲ್ಡ್ ಬೇಯ್ಲಿ ನ್ಯಾಯಾಸ್ಥಾನದ ಮುಂದೆ ಜಾನ್ ಹಡ್ಸನ್ ಎಂಬ ಒಂಬತ್ತು ವರ್ಷದ ಬಾಲಕನನ್ನು ತಂದು ನಿಲ್ಲಿಸಿದರು. ಕಸುಬೇನೆಂದು ಕೇಳಿದುದಕ್ಕೆ, ಒಮ್ಮೊಮ್ಮೆ ಹೊಗೆಕೊಳವೆಗಳ ಮಸಿ ತೆಗೆಯುವೆನೆಂದನು, ತಾಯಿತಂದೆಗಳಿಲ್ಲವೆಂದನು, ಅವರು ತೀರಿಕೊಂಡು ಎಷ್ಟು ಕಾಲವಾಯಿತೆಂಬುದನ್ನು ತಾನರಿಯೆನೆಂದನು. ರಾತ್ರಿಯ ವೇಳೆ ಮನೆಯೊಂದನ್ನು ಹೊಕ್ಕು ಅಂಗಿ, ರೇಷ್ಮೆಯ ಕಾಲುಚೀಲ, ಪಿಸ್ತೂಲು ಮೊದಲಾದುವನ್ನು ಕದ್ದನೆಂಬುದು ಅವನ ಮೇಲಿನ ಆರೋಪ. ಕನ್ನ ಹಾಕಿದವರಿಗೆ ಅಂದಿನ ಕಾನೂನು ಮರಣದಂಡನೆಯನ್ನೇ ವಿಧಿಸಬಹುದಾಗಿದ್ದುದರಿಂದ, ಈ ಎಳೆಯನನ್ನು ವಿನಾಶದಿಂದ ಪಾರುಮಾಡಬೇಕೆಂಬ ಕನಿಕರ ನ್ಯಾಯಾಧೀಶನಲ್ಲಿ ಹುಟ್ಟಿ, ಕನ್ನದ ಆರೋಪ ಬಿದ್ದುಹೋಗಿ, ಕಳವಿಗಾಗಿ ಏಳು ವರ್ಷಗಳ ಗಡೀಪಾರು ಉಳಿಯಿತು. ಆ ಕಾಲದ ಕನಿಕರದ ಅಳತೆ ಅಷ್ಟು.

ಅವನನ್ನು ಅಮೆರಿಕದತ್ತ ಒಯ್ಯುತ್ತಿದ್ದ 'ಮರ್ಕ್ಯುರಿ' ಹಡಗಿನಲ್ಲಿ 1784ರಲ್ಲಿ ಕೈದಿಗಳು ದಂಗೆಯೆದ್ದರು. ತಪ್ಪಿಸಿಕೊಂಡ ಹುಡುಗನು ಮರಳಿ ಸಿಕ್ಕಿಬಿದ್ದು, ಸೆರೆಮನೆಯಾಗಿ ಮಾರ್ಪಟ್ಟಿದ್ದ ಹಳೆಯ ಹಡಗೊಂದರಲ್ಲಿ ದಿನ ಕಳೆದು, 1787ರಲ್ಲಿ ಹೊರಟ ಮೊದಲ ನೌಕಾಸಮೂಹದ 'ಫ್ರೆಂಡ್‌ಶಿಪ್' ಹಡಗನ್ನೇರಿ ಆಸ್ಟ್ರೇಲಿಯವನ್ನು ಸೇರಿದನು. 1790ರಲ್ಲಿ ನಾರ್ಫೋಕ್ ದ್ವೀಪಕ್ಕೆ ರವಾನೆಯಾದನು. ಮರುವರ್ಷ, ರಾತ್ರಿ ಒಂಬತ್ತರ ಬಳಿಕ ಗುಡಿಸಿಲಿನಿಂದ ಹೊರಗಿದ್ದ ತಪ್ಪಿಗೆ 50 ಚಾಟಿಯೇಟು ತಿಂದನು. ಅಲ್ಲಿಗೆ ವೃತ್ತಾಂತ ನಿಂತುಹೋಗುತ್ತದೆ.

ಇಂಥ ಕೈದಿಗಳ ಸಂತತಿಯೆಂಬುದನ್ನು ಆಸ್ಟ್ರೇಲಿಯದ ಎಷ್ಟೋ ಮನೆತನಗಳು ಒಂದು ಕಾಲದಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದುವು. ಇಂದು ಅದೇ ಮನೆತನದವರು ಹಳೆಯ ಕಡತಗಳನ್ನು ಬಿಡಿಸಿ ತಮ್ಮ ಪೂರ್ವಿಕರನ್ನು ಅರಸುತ್ತಾರೆ. ಆ ಕಡತಗಳು 2007ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಯನ್ನೂ ಸೇರಿವೆ. ಅರಸುವವನಿಗೆ ಕಡತ ಮುಗಿದೆಡೆಯಲ್ಲಿ ಆಯುಸ್ಸೂ ಮುಗಿಯಿತೆಂದು ಬರೆದುಬಿಡುವ ತವಕ ಸಹಜ. ಈ ತವಕ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸುವುದಕ್ಕೆ, ನಮ್ಮ ದಾರ್ಶನಿಕರು ಅನುಪಲಬ್ಧಿಯೆಂದು ಕರೆದ ಪ್ರಮಾಣದ ವಿಚಾರದಷ್ಟು ಹದವಾದ ಸಾಧನ ಬೇರೊಂದಿರಲಾರದೆಂದು ನನಗೆ ತೋರುತ್ತದೆ.

ನೆಲದ ಮೇಲೆ ಗಡಿಗೆಯಿಲ್ಲವೆಂಬುದು ನಮಗೆ ತಿಳಿಯುವುದು ಹೇಗೆ? ಕಣ್ಣಿಗೆ ಬೀಳುವುದು ಬರಿಯ ನೆಲ. ಗಡಿಗೆಯ ಅಭಾವಕ್ಕೆ ಬಣ್ಣವಿಲ್ಲ, ಆಕಾರವಿಲ್ಲ, ಇಂದ್ರಿಯವು ಅದನ್ನು ಮುಟ್ಟಲಾರದು. ಆದರೂ ತಿಳಿವಳಿಕೆ ನಿಸ್ಸಂದೇಹವಾಗಿದೆ. ಆದುದರಿಂದ ಕುಮಾರಿಲಭಟ್ಟನ ಪಂಥದ ಮೀಮಾಂಸಕರೂ ಅವರನ್ನನುಸರಿಸಿದ ಅದ್ವೈತಿಗಳೂ, ಪ್ರತ್ಯಕ್ಷ ಅನುಮಾನಾದಿ ಐದರ ಜೊತೆಗೆ, ಕಾಣದಿರುವಿಕೆಯನ್ನೇ ಆರನೆಯ ಪ್ರಮಾಣವೆಂದು ಒಪ್ಪಿದರು. ನೈಯಾಯಿಕರು ಅಭಾವವನ್ನು ಪ್ರತ್ಯಕ್ಷದೊಳಗೇ ಅಡಗಿಸಿದರು. ಪ್ರಾಭಾಕರರು ಅಭಾವವೆಂಬ ಪದಾರ್ಥವನ್ನೇ ಒಲ್ಲೆವೆಂದರು. ಆ ಜಗಳ ದೀರ್ಘವಾದುದು, ಇಲ್ಲಿ ನಮಗೆ ಬೇಡ.

ನಮಗೆ ಬೇಕಾದುದು ಅವರು ವಿಧಿಸಿದ ಒಂದು ಕಟ್ಟಳೆ. ಕಾಣದಿದ್ದ ಮಾತ್ರಕ್ಕೆ ಇಲ್ಲವೆನ್ನುವಂತಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಅಲ್ಲಿರಬೇಕು. ಬೆಳಕಿನಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳುವಂತಿಲ್ಲ. ಧರ್ಮರಾಜಾಧ್ವರೀಂದ್ರನು ತನ್ನ 'ವೇದಾಂತಪರಿಭಾಷೆ'ಯಲ್ಲಿ ಇನ್ನೊಂದು ನಿದರ್ಶನವನ್ನೂ ಕೊಡುತ್ತಾನೆ: ಆತ್ಮದಲ್ಲಿ ಧರ್ಮಾಧರ್ಮಗಳು ಕಾಣಿಸುವುದಿಲ್ಲ, ಆದರೆ ಅವು ಕಾಣಿಸಿಕೊಳ್ಳುವ ಸ್ವಭಾವದವೇ ಅಲ್ಲವಾದುದರಿಂದ ಅವಿಲ್ಲವೆಂಬ ನಿರ್ಣಯಕ್ಕೆ ಬರಲಾಗದು. ಚಾಟಿಯೇಟುಗಳನ್ನು ಎಣಿಸಿ ಬರೆದ ಗುಮಾಸ್ತನ ಪುಸ್ತಕದಿಂದ ಆ ಹುಡುಗನ ಶೀಲವನ್ನು ತೂಗಹೊರಡುವವರು ಈ ನಿದರ್ಶನವನ್ನು ಎರಡು ಸಲ ಓದತಕ್ಕದ್ದು.

ಸರಕಾರಿ ಕಡತವೆಂಬುದು ಸರ್ವತ್ರ ಸಮನಾಗಿ ಹರಡಿದ ಬೆಳಕಲ್ಲ. ಪ್ರಭುತ್ವವು ಯಾರಿಗೆ ಉಣಿಸಬೇಕಾಗಿತ್ತೋ, ಯಾರನ್ನು ಸಾಗಿಸಬೇಕಾಗಿತ್ತೋ, ಯಾರನ್ನು ಹೊಡೆಯಬೇಕಾಗಿತ್ತೋ ಅವರ ಮೇಲೆ ಅದು ಪ್ರಖರವಾಗಿ ಬೀಳುತ್ತದೆ. ಹಡಗಿನಲ್ಲಿ ಪ್ರತಿಯೊಂದು ಬಾಯಿಗೂ ಪಡಿ ಅಳೆಯಬೇಕಾಗಿದ್ದುದರಿಂದ, ಪೂರ್ಣವಾಗಿ ಉಳಿದುಬಂದ ಪ್ರಯಾಣಪಟ್ಟಿಯಲ್ಲಿ ಹೆಸರಿಲ್ಲದವನು ಆ ಹಡಗಿನಲ್ಲಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು; ಅದು ಯೋಗ್ಯಾನುಪಲಬ್ಧಿ. ಹಡ್ಸನ್ನನ ತಾಯಿತಂದೆಗಳ ಮಾತು ಹಾಗಲ್ಲ: ಇಂಗ್ಲೆಂಡಿನಲ್ಲಿ ಜನನಮರಣಗಳ ಸರಕಾರಿ ನೋಂದಣಿ ಆರಂಭವಾದುದೇ 1837ರಲ್ಲಿ. ಅವನ ಅನಂತರದ ಬದುಕೂ ಹಾಗೆಯೇ. ಏಳು ವರ್ಷಗಳ ಅವಧಿ ತೀರುತ್ತ ಬಂದಂತೆ ಅವನನ್ನು ಕುರಿತು ಬರೆಯುವ ಕಾರಣವೂ ಪ್ರಭುತ್ವಕ್ಕೆ ಕಡಮೆಯಾಗುತ್ತ ಬಂದಿತು. ದುಡಿದು, ಉಂಡು, ಯಾರ ಗೊಡವೆಗೂ ಹೋಗದೆ ಬಾಳಿದ ಯುವಕನಿಗೆ ದಂಡನೆಯ ಪುಸ್ತಕದಲ್ಲಿ ಅಂಕಣವೆಲ್ಲಿಯದು? ಅಲ್ಪವೆಂದು ನಾವು ಖಚಿತವಾಗಿ ಹೇಳಬಹುದಾದುದು ಅವನ ಕಡತವನ್ನೇ ಹೊರತು ಆಯುಸ್ಸನ್ನಲ್ಲ.

ಕುಮಾರಿಲನ ಇನ್ನೊಂದು ಸೂಕ್ಷ್ಮವೂ ಇಲ್ಲಿ ಸಲ್ಲುತ್ತದೆ. ಒಂದೆಡೆಯನ್ನು ಸುಮ್ಮನೆ ಕಂಡು ಬಂದವನು, ಅಲ್ಲಿ ಇಂಥದು ಇದ್ದಿತೇ ಎಂದು ಬಳಿಕ ಯಾರಾದರೂ ಕೇಳಿದಾಗ, ಆ ಕ್ಷಣದಲ್ಲಿಯೇ ಅದರ ಅಭಾವವನ್ನು ಅರಿಯುತ್ತಾನಂತೆ. ಆ ಹುಡುಗನು ಏನಾದನೆಂದು ಕೇಳುವವರು ಬರುವ ತನಕ ನಾರ್ಫೋಕ್‌ನ ಗುಮಾಸ್ತನ ಪುಸ್ತಕದಲ್ಲಿ ಯಾವ ಕೊರತೆಯೂ ಇರಲಿಲ್ಲ. ತನ್ನ ಕೆಲಸಕ್ಕೆ ಬೇಕಾದುದೆಲ್ಲವೂ ಅವನಿಗೆ ಅದರಲ್ಲಿತ್ತು.

ದೇಶದಿಂದಲೂ ಕಾಲದಿಂದಲೂ ಸ್ವಭಾವದಿಂದಲೂ ದೂರವಾದ ವಸ್ತು ಕಾಣದಿದ್ದಾಗ ಫಲಿಸುವುದು ನಿಶ್ಚಯವಲ್ಲ, ಸಂಶಯ ಎಂದು ಬೌದ್ಧ ತಾರ್ಕಿಕನಾದ ಧರ್ಮಕೀರ್ತಿಯು ವಿಧಿಸಿದ್ದಾನೆ. ಸಂಶಯವನ್ನು ನ್ಯಾಯಶಾಸ್ತ್ರವು ತನ್ನ ಹದಿನಾರು ಪದಾರ್ಥಗಳಲ್ಲಿ ಮೂರನೆಯದಾಗಿ ಎಣಿಸಿ, ವಿಚಾರಕ್ಕೆ ಹೊರಡುವ ಬಾಗಿಲೆಂದು ಗೌರವಿಸಿದೆ. ಹೀಗಾಗಿ ಅರಸುವವನಿಗೆ ಕೆಲಸ ಉಳಿದೇ ಇರುತ್ತದೆ. ನ್ಯೂ ಸೌತ್ ವೇಲ್ಸಿನಲ್ಲಿ 1828ರಲ್ಲಿ ಜನಗಣತಿ ನಡೆಯಿತು. ಬದುಕಿದ್ದರೆ ಆ ವೇಳೆಗೆ ಹಡ್ಸನ್ನನಿಗೆ ಐವತ್ತನಾಲ್ಕರ ಆಸುಪಾಸು. ಅಲ್ಲಿ ಅವನು ಸಿಗದಿದ್ದರೆ ಆ ವರ್ಷ ಆ ವಸಾಹತಿನಲ್ಲಿರಲಿಲ್ಲವೆಂದು ಬರೆದುಕೊಳ್ಳಬಹುದು. ಸತ್ತನೆಂದು ಬರೆಯುವ ಮುನ್ನ, ಬಂದರನ್ನು ಬಿಟ್ಟುಹೋದ ಹಡಗುಗಳನ್ನೂ ವಿಚಾರಿಸಬೇಕಾಗುತ್ತದೆ.