ಇಂದಿನ ಧಮ್ಮ ಚಿಂತನೆ: ಔಲಿಯೋ, ಮನಾಲಿಯೋ?

 



ಹದಿನೈದು ದಿನಗಳಿಂದ ಮದ್ದೂರಿನ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಹಿಮ ನೋಡಲು ಔಲಿಗೆ ಹೋಗುವುದೋ, ಮನಾಲಿಗೆ ಹೋಗುವುದೋ? ನಮ್ಮ ಯಜಮಾನರ ಸಹೋದ್ಯೋಗಿಗಳು ಜನವರಿ ಕೊನೆಗೆ ಕುಟುಂಬ ಸಮೇತ ಪ್ರವಾಸ ಹೊರಟಿದ್ದಾರೆ. ನಮ್ಮನ್ನೂ ಕರೆದಿದ್ದಾರೆ. ಪ್ರಥಮ ಪಿಯುಸಿ ಓದುವ ಮಗಳು, ಒಂಬತ್ತನೇ ತರಗತಿಯ ಮಗ ಇಬ್ಬರೂ ರೀಲ್ಸ್ ನೋಡಿ ನೋಡಿ, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟಕ್ಕೆ ಮನಸೋತಿದ್ದಾರೆ. ಮಗಳಿಗೆ ಉತ್ತರಾಖಂಡದ ಔಲಿಯೇ ಆಗಬೇಕು. ಅಲ್ಲಿಂದ ನಂದಾದೇವಿ ಶಿಖರ ಕಾಣುತ್ತದಂತೆ. ಮಗನಿಗೆ ಹಿಮಾಚಲದ ಮನಾಲಿ, ಅದರ ಪಕ್ಕದ ಸೋಲಂಗ್ ಕಣಿವೆ.

ನಾನೇನೂ ಆಸೆ ಗೆದ್ದವಳಲ್ಲ. ದಿನಾ ಮಳವಳ್ಳಿ ಕಡೆಯ ಶಾಲೆಗೆ ಬಸ್ಸಿನಲ್ಲಿ ಕಬ್ಬಿನ ಗದ್ದೆ ನೋಡಿಕೊಂಡು ಹೋಗಿಬರುವ ನಾನು ಹಿಮವನ್ನು ಒಮ್ಮೆಯೂ ಮುಟ್ಟಿಲ್ಲ. ನಾಲ್ಕು ಜನರ ಖರ್ಚು ಲೆಕ್ಕ ಹಾಕಿದರೆ ಕೈಯಲ್ಲಿರುವ ಹಣದ ಎರಡರಷ್ಟು ಆಗುತ್ತಿತ್ತು. ಮೊಬೈಲಿನಲ್ಲೇ ಸಾಲ ಸಿಗುವ ಕಾಲವಿದು. ಅರ್ಜಿ ತೆರೆದು ಹೆಸರು, ಪ್ಯಾನ್ ನಂಬರು ತುಂಬಿದ್ದೂ ಆಯಿತು.

ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ಕೇಳಿದರು: "ಏನವ್ವ ಅದು?"

"ಟೂರಿಗೆ ಸಾಲ ಅತ್ತೆ. ಮೂರು ವರ್ಷದ ಕಂತು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮಪ್ಪ ನಮ್ಮಕ್ಕನ ಮದ್ವೆಗೆ ಅಂತ ಇನ್ನೂರು ರೂಪಾಯಿ ಸಾಲ ಇಸ್ಕಂಡಿದ್ದ ಕಣವ್ವ. ಮದ್ವೆ ಎರಡು ದಿನುಕ್ಕೆ ಮುಗೀತು. ಕೊಟ್ಟೋರ ಕೊಟ್ಟಿಗೇಲಿ ನಮ್ಮಪ್ಪ ಏಳು ವರ್ಷ ಸಗಣಿ ಬಾಚ್ದ."

ನನ್ನ ಬೆರಳು ಅಲ್ಲೇ ನಿಂತಿತು. ಜೀತ ರದ್ದತಿ ಕಾನೂನು ಬಂದದ್ದು 1976ರಲ್ಲಿ. ಅಂದರೆ ಅದು ಹಳೆಯ ಕಥೆಯಲ್ಲ, ನಮ್ಮ ಮನೆಯಲ್ಲೇ ಕುಳಿತು ಅವರೆಕಾಯಿ ಬಿಡಿಸುತ್ತಿರುವ ನೆನಪು.

ಬಂಧುಗಳೇ, ಗೃಹಸ್ಥರ ಸುಖದ ಬಗ್ಗೆ ಭಗವಾನ್ ಬುದ್ಧರು ಅನಾಥಪಿಂಡಿಕನಿಗೆ ಹೇಳಿದ ಮಾತು ಅಂಗುತ್ತರ ನಿಕಾಯದಲ್ಲಿದೆ. ಅಲ್ಲಿ ನಾಲ್ಕು ಸುಖಗಳಿವೆ.

1. ಅತ್ಥಿಸುಖ: ಬೆವರು ಸುರಿಸಿ, ನ್ಯಾಯವಾಗಿ ಗಳಿಸಿದ್ದು ನನ್ನಲ್ಲಿ ಇದೆ ಎಂಬ ಸುಖ.
2. ಭೋಗಸುಖ: ಅದನ್ನು ಅನುಭವಿಸುವ, ಒಳ್ಳೆಯದಕ್ಕೆ ಕೊಡುವ ಸುಖ.
3. ಅನಣಸುಖ: ಯಾರಿಗೂ ಸಣ್ಣ ಸಾಲವನ್ನೂ ದೊಡ್ಡ ಸಾಲವನ್ನೂ ಉಳಿಸಿಕೊಂಡಿಲ್ಲ ಎಂಬ ಸುಖ.
4. ಅನವಜ್ಜಸುಖ: ಕಾಯ, ಮಾತು, ಮನಸ್ಸಿನಲ್ಲಿ ತಪ್ಪಿಲ್ಲದೆ ಬದುಕುವ ಸುಖ.

ಮೊದಲ ಮೂರೂ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೂ ಸಮನಲ್ಲ ಎನ್ನುತ್ತಾರೆ ಬುದ್ಧರು. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ಒಂದು ವೀಸಕ್ಕೂ ಸಮನಲ್ಲ.

ಗಮನಿಸಿ, ಎರಡನೆಯದು ಭೋಗಸುಖ. ಬುದ್ಧರು ಗೃಹಸ್ಥರಿಗೆ ಅದನ್ನು ನಿಷೇಧಿಸಲಿಲ್ಲ. ರಾಜಗೃಹದಲ್ಲಿ ಸಿಗಾಲನೆಂಬ ಯುವಕನಿಗೆ ಉಪದೇಶಿಸುವಾಗಲೂ ಗಳಿಕೆಯನ್ನು ನಾಲ್ಕು ಪಾಲು ಮಾಡಿ ಒಂದನ್ನು ಅನುಭವಿಸು, ಎರಡನ್ನು ಕೆಲಸಕ್ಕೆ ಹಾಕು, ಇನ್ನೊಂದನ್ನು ಕಷ್ಟಕಾಲಕ್ಕೆ ಇಡು ಎಂದರು. ಬುದ್ಧರು ಬಡತನವನ್ನು ಭಾಗ್ಯವೆಂದು ಹೊಗಳಲಿಲ್ಲ ಎಂಬುದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಸ್ಪಷ್ಟಪಡಿಸಿದ್ದಾರೆ. ಆದ್ದರಿಂದ "ನಮ್ಮೋರಿಗೆ ಯಾಕೆ ಹಿಮ, ಸ್ಕೀಯಿಂಗು?" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು ನಮ್ಮವರು ಹೋರಾಡಬೇಕಾಯಿತು. ಅವರ ಮೊಮ್ಮಕ್ಕಳು, ಮರಿಮಕ್ಕಳು ಅದೇ ನೀರು ಹೆಪ್ಪುಗಟ್ಟಿದ ಬೆಟ್ಟದ ಮೇಲೆ ಆಡಲಿ. ತಪ್ಪೇನಿದೆ?

ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಹಾಳೆಯ ಮೇಲೆ ಎರಡು ಊರು, ನಾಲ್ಕು ಸಾಲು ಬರೆದೆವು. ಗಳಿಕೆ ಇದೆಯೇ? ಅರ್ಧಕ್ಕೆ ಇದೆ. ಸಂತೋಷ ಸಿಗುತ್ತದೆಯೇ? ಖಂಡಿತ. ಆದರೆ ಹಿಮವೂ ಅನಿತ್ಯ. ಔಲಿಯಲ್ಲಿ ಹಿಮ ಸಾಲದೆ ಸ್ಕೀ ಸ್ಪರ್ಧೆಗಳನ್ನೇ ಮುಂದೂಡಿದ್ದುಂಟು. ಸಾಲವಿಲ್ಲದೆ ಆಗುತ್ತದೆಯೇ? ಇಲ್ಲಿ ಮಗನೇ ಹೇಳಿದ: "ಅಮ್ಮ, ಮೂರನೇ ಸಾಲಲ್ಲಿ ಎರಡೂ ಫೇಲು."

ನಾಲ್ಕನೆಯದರಲ್ಲಿ ಸಿಕ್ಕಿಬಿದ್ದವಳು ನಾನು. ಸ್ಕೀಯಿಂಗ್ ನಡೆಯುವುದು ಜನವರಿ, ಫೆಬ್ರವರಿಯಲ್ಲಿ. ನಾನು ಪಾಠ ಮಾಡುವುದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ. ಪರೀಕ್ಷೆ ಹತ್ತಿರ ಬಂದಿರುವಾಗ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಆ ಮಕ್ಕಳನ್ನು ಎಂಟು ದಿನ ಬಿಟ್ಟುಹೋದರೆ ಹಿಮದ ಮೇಲೆ ನಿಂತಾಗಲೂ ಮನಸ್ಸು ಚುಚ್ಚುತ್ತದೆ. ಮಗಳು ಇನ್ನೊಂದು ವಿಷಯ ಹುಡುಕಿ ತಂದಳು. ಔಲಿಯ ಕೆಳಗಿನ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ನೆಲ ಕುಸಿದು, ಗೋಡೆಗಳು ಬಿರುಕುಬಿಟ್ಟು, ಎಷ್ಟೋ ಕುಟುಂಬಗಳು ಮನೆ ತೊರೆದವು. ಅಲ್ಲಿಗೆ ಹೋಗುವುದೇ ಪಾಪವೆಂದಲ್ಲ, ಪ್ರವಾಸಿಗರನ್ನೇ ನಂಬಿ ಬದುಕುವ ಜನ ಅಲ್ಲಿದ್ದಾರೆ. ಆದರೆ ನಾವು ಆಡಲು ಹೋಗುವ ಊರಿನ ನೋವು ಗೊತ್ತಿರಬೇಕು.

ಆಗ ಅರ್ಥವಾಯಿತು. ಔಲಿಯೋ ಮನಾಲಿಯೋ ಎಂಬುದು ನಮ್ಮ ನಿಜವಾದ ಪ್ರಶ್ನೆಯೇ ಆಗಿರಲಿಲ್ಲ. ಸಾಲದ ಸುಖವೋ, ಸಾಲವಿಲ್ಲದ ಸುಖವೋ ಎಂಬುದೇ ಪ್ರಶ್ನೆ. ಅದು ತೀರ್ಮಾನವಾದ ಮೇಲೆ ಊರು ತಾನಾಗಿ ತೀರ್ಮಾನವಾಯಿತು. ಮೇ ತಿಂಗಳಲ್ಲಿ ನಮಗೆ ಬೇಸಿಗೆ ರಜೆ. ಮನಾಲಿ ಮೇಲಿನ ರೋಹ್ಟಾಂಗ್ ಕಡೆ ಸಾಮಾನ್ಯವಾಗಿ ಆಗಲೂ ಹಿಮ ಇರುತ್ತದೆ. ಈ ಬೇಸಿಗೆಯಲ್ಲ, ಮುಂದಿನ ಬೇಸಿಗೆಗೆ ಮನಾಲಿ. ಅಲ್ಲಿಯವರೆಗೆ ಬ್ಯಾಂಕಿನಲ್ಲಿ ಆರ್.ಡಿ. ಅರ್ಜಿ ಅಳಿಸಿದೆ. ಮಗಳು ಒಂದು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಹೇಳಿದಳು: "ಔಲಿ ನನ್ನ ಸಂಬಳದಲ್ಲಿ."

ಅಷ್ಟರಲ್ಲಿ ಅತ್ತೆ ಕೇಳಿದರು: "ಸಾಲ ಇಲ್ದೆ ಹೋಗೋದಾದ್ರೆ ನಾನೂ ಬತ್ತೀನಿ ಕಣವ್ವ. ಆಯ್ತದಾ?"

ಹದಿನೈದು ದಿನ ಚರ್ಚೆ ಮಾಡಿದ ನಾವ್ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ. ಅವರು ಬರುವುದಿಲ್ಲವೆಂದು ನಾವೇ ತೀರ್ಮಾನಿಸಿ ನಾಲ್ಕು ಜನರ ಲೆಕ್ಕ ಹಾಕಿದ್ದೆವು. ನಾಲ್ಕನೇ ಸಾಲಿನಲ್ಲಿ ನಾನು ಬರೆಯದೆ ಬಿಟ್ಟ ತಪ್ಪು ಅದೇ. ಈಗ ಲೆಕ್ಕ ಐದು ಜನರದು. ತಿಂಗಳ ಕಂತು ಸ್ವಲ್ಪ ಹೆಚ್ಚಾಗಿದೆ, ಪರವಾಗಿಲ್ಲ.

ಇಂದಿನ ಅಭ್ಯಾಸ: ಮದುವೆ, ಗೃಹಪ್ರವೇಶ, ಕಾರು, ಪ್ರವಾಸ ಯಾವುದೇ ಇರಲಿ, ದೊಡ್ಡ ಖರ್ಚಿಗೆ ಕೈಹಾಕುವ ಮೊದಲು ಈ ನಾಲ್ಕು ಸಾಲು ಬರೆಯಿರಿ. ಬರೆಯುವಾಗ ಮನೆಯಲ್ಲಿ ಸುಮ್ಮನೆ ಕುಳಿತಿರುವವರನ್ನೂ ಒಂದು ಮಾತು ಕೇಳಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು 🙏