ಅವ್ವನ ಫೋನೂ ಪಟ್ಟಿಯಲ್ಲಿತ್ತು

 

ಕಳೆದ ಭಾನುವಾರದ ಓದಿನಲ್ಲಿ ಸಂಯುತ್ತ ನಿಕಾಯದ ಸೀವಕ ಸುತ್ತ ಬಂದಾಗ ನಾನು ಏನೋ ಹೇಳಲು ಹೊರಟು ಸುಮ್ಮನಾದೆ. ಹೊತ್ತಾಗಿತ್ತು, ಧೈರ್ಯವೂ ಇರಲಿಲ್ಲ. ಆ ಮಾತನ್ನೇ ಇವತ್ತಿನ ಚಿಂತನೆಯಾಗಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ನನಗೆ ಮೈಗ್ರೇನ್ ಇದೆ. ನಮ್ಮ ಕಡೆ ಅರೆತಲೆನೋವು ಅನ್ನುತ್ತಾರೆ. ನನಗೆ ಅದು ತಲೆಗೆ ಬರುವ ಮೊದಲು ಕಣ್ಣಿಗೆ ಬರುತ್ತದೆ. ಡಾಕ್ಟರು ಇದನ್ನು ಔರಾ ಎನ್ನುತ್ತಾರೆ. ಮೊದಲ ಸಲ ಬಂದದ್ದು ಉತ್ತರ ಪತ್ರಿಕೆ ತಿದ್ದುವಾಗ. ನಾನೇ ಹಾಕಿದ 48 ಅಂಕದಲ್ಲಿ 4 ಕಾಣುತ್ತಿದೆ, 8 ಇಲ್ಲ. ಕನ್ನಡಕ ಒರೆಸಿದೆ, ಆಗಲೂ ಇಲ್ಲ. ಆ ಇಲ್ಲದ ಜಾಗದ ಅಂಚಿನಲ್ಲಿ ಸಣ್ಣದೊಂದು ಮಿಣುಕು ಹುಟ್ಟಿತು. ಗರಗಸದ ಹಲ್ಲಿನಂಥ ಅಂಕುಡೊಂಕು ಗೆರೆ. ಅದು ನಡುಗುತ್ತ, ಕುಡುಗೋಲಿನ ಹಾಗೆ ಬಾಗಿ ದೊಡ್ಡದಾಗುತ್ತ ಬಲಕ್ಕೆ ಸರಿಯಿತು. ಕಣ್ಣು ಮುಚ್ಚಿದರೂ ಇತ್ತು. ಎದುರು ಕೂತಿದ್ದ ಮೇಷ್ಟ್ರ ಮುಖದಲ್ಲಿ ಅರ್ಧ ಇರಲಿಲ್ಲ. 25 ನಿಮಿಷದ ಮೇಲೆ ಎಲ್ಲ ತಿಳಿಯಾಯಿತು, ಆಮೇಲೆ ತಲೆ ಸಿಡಿಯತೊಡಗಿತು. ಕಣ್ಣು ಹೋಯಿತು, ಇಲ್ಲಾ ಲಕ್ವ ಹೊಡೆಯಿತು ಅಂತಲೇ ಅಂದುಕೊಂಡಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯಾರಿಗಾದರೂ ಹೀಗೆ ಮೊದಲ ಸಲ ಆದರೆ, ಒಂದು ಗಂಟೆ ಮೀರಿದರೆ, ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಧ್ಯಾನಕ್ಕೆ ಕೂರಬೇಡಿ. ನಮ್ಮಲ್ಲಿ ಕೆಲವರಿಗೆ ಆ ಅಭ್ಯಾಸ ಇದೆ, ಅದಕ್ಕೇ ಹೇಳಿದೆ.

ತಮಾಷೆ ಎಂದರೆ ಕಣ್ಣಿನಲ್ಲಿ ಏನೂ ಆಗಿರುವುದಿಲ್ಲ. ಆಗುವುದೆಲ್ಲ ಮಿದುಳಿನ ಹಿಂಭಾಗದಲ್ಲಿ, ನೋಟದ ಕೆಲಸ ನಡೆಯುವ ಜಾಗದಲ್ಲಿ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿಗೂ ಇದೇ ಔರಾ ಬರುತ್ತಿತ್ತು. ಆತ ಬಂದಾಗಲೆಲ್ಲ ಅದರ ಚಿತ್ರ ಬರೆದಿಟ್ಟು, ಮಿದುಳಿನ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿರಬೇಕು ಎಂದು 1941ರಲ್ಲಿ ಲೆಕ್ಕ ಹಾಕಿದ. 1944ರಲ್ಲಿ ಬ್ರೆಜಿಲ್‌ನ ಅರಿಸ್ತಿದೆಸ್ ಲಿಯಾವ್ ಮೊಲದ ಮಿದುಳಿನಲ್ಲಿ ಅಂಥದೇ ನಿಧಾನದ ಅಲೆ ಕಂಡ. ನರಕೋಶಗಳು ಒಮ್ಮೆ ಕೆರಳಿ, ಆಮೇಲೆ ಕೆಲ ಹೊತ್ತು ಸುಮ್ಮನಾಗಿಬಿಡುವ ಅಲೆ. ಕೆರಳಿದಲ್ಲಿ ಮಿಣುಕು, ಸುಮ್ಮನಾದಲ್ಲಿ ಖಾಲಿ. ಮಿಕ್ಕಿದ್ದನ್ನೆಲ್ಲ ನಾವು ಕಣ್ಣಾರೆ ಕಂಡೆ ಅನ್ನುತ್ತೇವಲ್ಲ, ಅದರ ಬಗ್ಗೆಯೂ ನನಗೆ ಆಮೇಲೆ ಅನುಮಾನ ಬಂತು. ಅದು ಇನ್ನೊಂದು ದಿನದ ಮಾತು.

ಡಾಕ್ಟರು ಒಂದು ಪುಸ್ತಕ ಇಡಲು ಹೇಳಿದರು. ಏನು ತಿಂದಿರಿ, ಎಷ್ಟು ನಿದ್ದೆ, ಬಿಸಿಲು, ಮುಟ್ಟಿನ ದಿನ ಎಲ್ಲ ಬರೆಯಿರಿ, ಯಾವುದು ಕೆರಳಿಸುತ್ತದೆ ನೋಡೋಣ ಎಂದರು. 100 ಪುಟದ ನೋಟ್‌ಬುಕ್ ತಂದೆ. ಮೊದಲು ಕಾಫಿ, ಆಮೇಲೆ ಕಾಫಿ ಕುಡಿಯದೇ ಇದ್ದದ್ದು. ಕಡಲೆಬೀಜದ ಚಿತ್ರಾನ್ನ, ಊದುಬತ್ತಿ, ಮಿನುಗುವ ಟ್ಯೂಬ್‌ಲೈಟ್, ಬಸ್ಸಿನ ಕಿಟಕಿಯ ಬಿಸಿಲು, ಭಾನುವಾರದ ಹೆಚ್ಚು ನಿದ್ದೆ, ಸೋಮವಾರದ ಕಡಿಮೆ ನಿದ್ದೆ. ಊರಿನವರೂ ಸೇರಿಸಿದರು. ಚಿಕ್ಕಮ್ಮ ಪಿತ್ತ ತಲೆಗೇರಿದೆ ಎಂದರು. ಪಕ್ಕದ ಮನೆಯವರು ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಆ ಘಾಟಿಗೇ ತಲೆ ಹಿಡಿದುಕೊಂಡಿತು. ಸ್ಟಾಫ್ ರೂಮಿನಲ್ಲಿ ಒಬ್ಬರು, "ಯಾವ ಜನ್ಮದ ಕರ್ಮವೋ, ಅನುಭವಿಸಿ ತೀರಿಸಬೇಕು ಮೇಡಂ" ಎಂದರು. ಪ್ರೀತಿಯಿಂದಲೇ ಹೇಳಿದರು.

ಪಟ್ಟಿ ಬೆಳೆದಂತೆ ನಾನು ಸಣ್ಣದಾದೆ. ಮದುವೆಮನೆ ಬಿಟ್ಟೆ, ಸಿನಿಮಾ ಬಿಟ್ಟೆ. ಒಂದು ದಿನ ಪುಸ್ತಕದಲ್ಲಿ ಹೀಗೆ ಬರೆದೆ: ಅವ್ವನ ಫೋನ್. ಆಮೇಲೆ ಇನ್ನೂ ನಾಲ್ಕು ಸಲ ಬರೆದೆ.

ಅವ್ವ ಕೊಳ್ಳೇಗಾಲದ ಹತ್ತಿರ ಊರಿನಲ್ಲಿ ತಮ್ಮನ ಜೊತೆ ಇದ್ದಾಳೆ. ಸಂಜೆ ಏಳಕ್ಕೆ ಫೋನ್. ಉಂಡೆಯಾ, ಏನು ಸಾರು, ನಿನ್ನ ತಮ್ಮ ಹಿಂಗಂದ, ಸೊಸೆ ಹಂಗಂದಳು. ಅದೇ ಮಾತು. ಕೆಲವು ಸಂಜೆ ಅದು ನನಗೆ ಸೂಜಿಯ ಹಾಗೆ ಚುಚ್ಚಿ, ನಾನು ರೇಗಿ ಇಟ್ಟುಬಿಡುತ್ತಿದ್ದೆ. ಮರುದಿನ ಕಣ್ಣಲ್ಲಿ ಗರಗಸ. ಪುಸ್ತಕದಲ್ಲಿ ಐದು ಸಲ ಬಂದಮೇಲೆ ಸಾಕ್ಷಿ ಸಿಕ್ಕಿತು ಅನ್ನಿಸಿತು. ಫೋನ್ ಎತ್ತುವುದನ್ನು ಕಡಿಮೆ ಮಾಡಿದೆ. ಸ್ವಲ್ಪ ದಿನಕ್ಕೆ ಅವಳೂ ಮಾಡುವುದು ಬಿಟ್ಟಳು. ಹಬ್ಬಕ್ಕೆ ಹೋದಾಗ ಕೇಳಿದರೆ, "ನೀನು ಕೆಲಸದಲ್ಲಿರ್ತೀಯ ಅಂತ ಮಾಡ್ನಿಲ್ಲ ಕನವ್ವ" ಎಂದಳು.

ಮುಂದಿನ ಸಲ ಡಾಕ್ಟರು ಪುಸ್ತಕ ತಿರುವಿ ಬೇರೆಯದೇ ಪ್ರಶ್ನೆ ಕೇಳಿದರು. ಹಿಂದಿನ ದಿನ ಆಕಳಿಕೆ ಬರುತ್ತದಾ? ಕುತ್ತಿಗೆ ಬಿಗಿಯುತ್ತದಾ? ಸಿಹಿ ತಿನ್ನಬೇಕು ಅನ್ನಿಸುತ್ತದಾ? ಬೆಳಕು, ಸದ್ದು ಸಹಿಸುವುದಿಲ್ಲವಾ? ಸುಮ್ಮಸುಮ್ಮನೆ ಸಿಟ್ಟು? ಎಲ್ಲಕ್ಕೂ ಹೌದು. ಮೈಗ್ರೇನ್ ತಲೆನೋವಿನಿಂದ ಶುರುವಾಗುವುದಿಲ್ಲವಂತೆ, ಔರಾದಿಂದಲೂ ಅಲ್ಲವಂತೆ. ಎಷ್ಟೋ ಜನರಲ್ಲಿ ಅದು ಕೆಲವು ಗಂಟೆ ಮೊದಲೇ, ಕೆಲವೊಮ್ಮೆ ಒಂದೆರಡು ದಿನ ಮೊದಲೇ ಒಳಗೊಳಗೆ ಆರಂಭವಾಗಿರುತ್ತದೆ. ಚಾಕೊಲೇಟ್ ತಿಂದದ್ದಕ್ಕೆ ಬಂತು ಅನ್ನುವವರಲ್ಲಿ ಕೆಲವರಿಗೆ, ಬರುತ್ತಿದ್ದುದರಿಂದಲೇ ಚಾಕೊಲೇಟ್ ಬೇಕೆನ್ನಿಸಿರಬಹುದು.

ಮನೆಗೆ ಬಂದು ಪುಸ್ತಕ ತೆರೆದೆ. ಅವ್ವನ ಫೋನ್ ಎಂದು ಬರೆದ ಐದು ಪುಟಗಳಲ್ಲಿ ನಾಲ್ಕರಲ್ಲಿ ನನ್ನದೇ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಕುತ್ತಿಗೆ ಹಿಡಿದಿದೆ. ಸಮಯ ಸಂಜೆ ಐದು, ಐದೂವರೆ. ಫೋನ್ ಬರುವುದು ಏಳಕ್ಕೆ. ಅಂದರೆ ಅವಳ ಮಾತಿನಿಂದ ತಲೆನೋವು ಬಂದಿರಲಿಲ್ಲ. ಬರುತ್ತಿದ್ದ ತಲೆನೋವಿಗೆ ಅವಳ ಮಾತು ಚುಚ್ಚಿತ್ತು. ಅದಕ್ಕಿಂತ ನಾಚಿಕೆಯಾದದ್ದು ಇನ್ನೊಂದಕ್ಕೆ. ಅವ್ವ ಫೋನ್ ಮಾಡುತ್ತಿದ್ದುದು ದಿನಾ. ತಲೆನೋವು ಬಾರದ ದಿನ ನಾನು ಪುಸ್ತಕವನ್ನೇ ತೆರೆಯುತ್ತಿರಲಿಲ್ಲ. ಅವಳ ಜೊತೆ ನಕ್ಕು ಮಾತಾಡಿದ ನೂರಾರು ಸಂಜೆಗಳಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಈಗ ಸೀವಕ ಸುತ್ತಕ್ಕೆ ಬರುತ್ತೇನೆ. ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವವರಿದ್ದಾರೆ, ನೀವೇನು ಹೇಳುತ್ತೀರಿ ಎಂದು ಮೋಳಿಯ ಸೀವಕ ಎಂಬ ಪರಿವ್ರಾಜಕ ಕೇಳುತ್ತಾನೆ. ಬುದ್ಧರು ಎಂಟು ಕಾರಣ ಎಣಿಸುತ್ತಾರೆ: ಪಿತ್ತ, ಕಫ, ವಾತ, ಈ ಮೂರರ ಕೂಟ, ಋತುವಿನ ಬದಲಾವಣೆ, ಶರೀರವನ್ನು ಏರುಪೇರಾಗಿ ನಡೆಸಿಕೊಂಡದ್ದು, ಹೊರಗಿನ ಪೆಟ್ಟು, ಕೊನೆಗೆ ಕರ್ಮವಿಪಾಕ. ಎಲ್ಲವೂ ಹಿಂದಿನದರ ಫಲ ಎನ್ನುವವರು ತಮಗೇ ಗೊತ್ತಿರುವುದನ್ನೂ ಲೋಕ ಕಂಡದ್ದನ್ನೂ ದಾಟಿ ಓಡುತ್ತಾರೆ ಎಂಬರ್ಥದ ಮಾತು ಹೇಳುತ್ತಾರೆ. ಪಿತ್ತ ಕಫದ ವೈದ್ಯ ಆ ಕಾಲದ್ದು, ಅದನ್ನು ಹಿಡಿದು ಜಗ್ಗಾಡುವುದು ಬೇಡ. ನನ್ನ ಗಮನ ಸೆಳೆದದ್ದು ಆ ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲದಿರುವುದು. ಹೊರಗಿನ ಪೆಟ್ಟು ಎಂದಾಗಲೂ ಯಾರು ಹೊಡೆದರು ಎಂದಿಲ್ಲ.

ಸ್ಟಾಫ್ ರೂಮಿನವರ ಕರ್ಮದ ಮಾತಿಗೆ ನಾನು ಒಳಗೇ ನಕ್ಕಿದ್ದೆ. ಆದರೆ ನನ್ನ ನೋಟ್‌ಬುಕ್ ಮಾಡಿದ್ದೂ ಅದೇ ಕೆಲಸ. ನೋವು ಬಂತೆಂದರೆ ಯಾರೋ ತಪ್ಪು ಮಾಡಿರಬೇಕು. ಒಂದೋ ನಾನು, ಕಾಫಿ ಕುಡಿದು. ಇಲ್ಲಾ ಅವ್ವ, ಫೋನ್ ಮಾಡಿ.

ಹಾಗಾದರೆ ಕಾರಣ ಹುಡುಕುವುದೇ ಬೇಡವೆ? ಬಾಣ ನೆಟ್ಟವನು ಬಿಲ್ಲುಗಾರನ ಕುಲ ಕೇಳುತ್ತ ಕೂತ ಮಾಲುಂಕ್ಯಪುತ್ತನ ಕಥೆಯನ್ನು ನಮ್ಮಲ್ಲಿ ಎಲ್ಲದಕ್ಕೂ ತರುತ್ತಾರೆ. ಇಲ್ಲಿ ಅದು ಪೂರ್ತಿ ಹೊಂದುವುದಿಲ್ಲ ಎಂದು ನನ್ನ ಅನಿಸಿಕೆ. ಇದು ಉಂಟಾದಾಗ ಅದು ಉಂಟಾಗುತ್ತದೆ ಎಂದು ನೋಡಲು ಕಲಿಸಿದ ಗುರು ಕಾರಣ ನೋಡಬೇಡ ಎನ್ನಲಾರರು. ಬುದ್ಧರು ಬೇರೆಬೇರೆ ಸ್ಥಿತಿಗಳು ಕೂಡಿದಾಗ ಏನಾಗುತ್ತದೆ ನೋಡು ಎನ್ನುತ್ತಾರೆ. ನಾನು ಹುಡುಕಿದ್ದು ಒಬ್ಬ ಆರೋಪಿಯನ್ನು. ನಿದ್ದೆಗೆಟ್ಟು, ಊಟ ತಪ್ಪಿಸಿ, ಮಧ್ಯಾಹ್ನದ ಬಿಸಿಲಿಗೆ ಹೋದರೆ ನನಗೆ ಬರುವ ಸಂಭವ ಹೆಚ್ಚು. ಬಿಸಿಲೊಂದೇ ಆದರೆ ಎಷ್ಟೋ ಸಲ ಏನೂ ಆಗುವುದಿಲ್ಲ. ಏನೂ ಮಾಡದೆ ಸುಮ್ಮನೆ ಕೂತಾಗಲೂ ಬಂದದ್ದಿದೆ.

ಈಗ ಪುಸ್ತಕವನ್ನು ದಿನಾ ಬರೆಯುತ್ತೇನೆ, ಚೆನ್ನಾಗಿದ್ದ ದಿನವೂ. ಊಟ, ನಿದ್ದೆ ಹೊತ್ತಿಗೆ ಸರಿಯಾಗಿ, ಡಾಕ್ಟರು ಕೊಟ್ಟ ಮಾತ್ರೆ. ಚಿತ್ರಾನ್ನ ವಾಪಸ್ ಬಂದಿದೆ. ತಿಂಗಳಿಗೆ ಒಂದೆರಡು ಸಲ ಗರಗಸವೂ ಬರುತ್ತದೆ.

ಮೊನ್ನೆ ಅವ್ವನ ಜೊತೆ ಮಾತಾಡುತ್ತಿರುವಾಗಲೇ ಬಂತು. "ಅವ್ವಾ, ಕಣ್ಣು ಮಿಣುಕ್ತಾ ಇದೆ" ಅಂದೆ. "ದೀಪ ಆರ್ಸಿ ಮನಿಕೊ, ನಾಳೆ ಮಾಡ್ತೀನಿ" ಅಂತ ಇಟ್ಟಳು.

ಅವಳ ಹೆಸರು ಪಟ್ಟಿಯಲ್ಲಿತ್ತು ಎಂದು ನಾನಿನ್ನೂ ಅವಳಿಗೆ ಹೇಳಿಲ್ಲ. ಹೇಳಿದರೆ ನಿಜ ಹೇಳಿದಂತಾಗುತ್ತದೆ, ಅವಳಿಗೆ ಸುಮ್ಮನೆ ನೋವೂ ಆಗುತ್ತದೆ. ಸಮ್ಮಾ ವಾಚಾ ಇಲ್ಲಿ ಏನು ಹೇಳುತ್ತದೆ, ನನಗೆ ಬಗೆಹರಿದಿಲ್ಲ. ಈ ಭಾನುವಾರ ಅದರ ಮುಂದಿನ ಸುತ್ತ ಓದುತ್ತೇವೆ, 108 ವೇದನೆಗಳದ್ದು. ಬೆಳಿಗ್ಗೆ ಹತ್ತಕ್ಕೆ. ಬಂದಾಗ ನಿಮಗೆ ತೋಚಿದ್ದನ್ನು ಹೇಳಿ.